ಗೋಧಿಯ ಮೊದಲ 40 ದಿನ: ಕಳೆ ಮತ್ತು ರಂಜಕವನ್ನು ಒಟ್ಟಿಗೆ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಗೋಧಿ ಬೆಳೆಯುವವರಲ್ಲಿ ಹೆಚ್ಚಿನವರು ಕಳೆಗೊಂದು ಲೆಕ್ಕ, ಗೊಬ್ಬರಕ್ಕೊಂದು ಲೆಕ್ಕ ಇಟ್ಟಿರುತ್ತಾರೆ. ಬಿತ್ತುವಾಗ ರಂಜಕದ (ಫಾಸ್ಫರಸ್) ಗೊಬ್ಬರವಾದ ಡಿಎಪಿ ಹಾಕಿದರೆ ಒಂದು ಕೆಲಸ ಮುಗಿಯಿತು, ತಿಂಗಳ ನಂತರ ಕಳೆನಾಶಕ ಹೊಡೆದರೆ ಇನ್ನೊಂದು ಮುಗಿಯಿತು ಎಂಬ ಭಾವನೆ. ನನ್ನ ಪ್ರಕಾರ ಇವೆರಡೂ ಒಂದೇ ಕೆಲಸ. ನೀವು ಹಾಕಿದ ರಂಜಕ ಗೋಧಿಯ ಬೇರಿಗೆ ಸಿಗುತ್ತದೋ ಕಳೆಯ ಬೇರಿಗೆ ಸಿಗುತ್ತದೋ ಎಂಬುದು ಮೊದಲ 40 ದಿನದಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಎಷ್ಟು ಓಡಾಡಿದರೂ ಹೆಚ್ಚೇನೂ ಬದಲಾಗದು.

ಕಾರಣ ರಂಜಕದ ಸ್ವಭಾವದಲ್ಲಿದೆ. ಸಾರಜನಕ ನೀರಿನೊಡನೆ ಹರಿದು ಬೇರಿನ ಬಳಿ ಹೋಗುತ್ತದೆ. ರಂಜಕ ಹಾಗೆ ಹರಿಯುವುದಿಲ್ಲ. ಹಾಕಿದ ಜಾಗದಿಂದ ಕೆಲವು ಮಿಲಿಮೀಟರ್ ಸರಿದರೆ ಹೆಚ್ಚು. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದಿಡುತ್ತವೆ, ಸುಣ್ಣದ ಮಣ್ಣಿನಲ್ಲಿ ಕ್ಯಾಲ್ಸಿಯಂ ಹಿಡಿದಿಡುತ್ತದೆ. ಹಾಕಿದ ವರ್ಷವೇ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ. 10ರಿಂದ 25 ಮಾತ್ರ. ಹೀಗಿರುವಾಗ ಮೊದಲು ಅಲ್ಲಿಗೆ ತಲುಪುವ ಬೇರಿಗೇ ಲಾಭ.

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಬ್ರಾಡ್‌ಬಾಕ್ ಹೊಲದಲ್ಲಿ 1843ರಿಂದ ಗೋಧಿಯ ಪ್ರಯೋಗ ನಡೆಯುತ್ತ ಬಂದಿದೆ. ಅದನ್ನು ಆರಂಭಿಸಿದ ಜಾನ್ ಬೆನೆಟ್ ಲಾಸ್ ಅದಕ್ಕೂ ಒಂದು ವರ್ಷ ಮೊದಲು, 1842ರಲ್ಲಿ, ಸೂಪರ್ ಫಾಸ್ಫೇಟ್ ಎಂಬ ರಂಜಕ ಗೊಬ್ಬರದ ತಯಾರಿಕೆಗೆ ಪೇಟೆಂಟ್ ಪಡೆದಿದ್ದವರು. ಆ ಹೊಲದ ಒಂದು ಭಾಗಕ್ಕೆ ಇವತ್ತಿನವರೆಗೂ ಕಳೆನಾಶಕ ಸೋಕಿಸಿಲ್ಲ. ಗೊಬ್ಬರ ಎಷ್ಟೇ ಚೆನ್ನಾಗಿ ಕೊಟ್ಟರೂ ಆ ಭಾಗದ ಇಳುವರಿ ಪಕ್ಕದ ಕಳೆಯಿಲ್ಲದ ಭಾಗಕ್ಕಿಂತ ಕೆಳಗೇ ಇರುತ್ತದೆ. ಗೊಬ್ಬರ ಹೆಚ್ಚಿಸಿದರೆ ಬೆಳೆ ತಾನೇ ಕಳೆಯನ್ನು ಮೀರಿ ನಿಲ್ಲುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಹಂತ 1: ಬಿತ್ತನೆಗೆ ತಿಂಗಳ ಮೊದಲು ಮಣ್ಣು ಪರೀಕ್ಷೆ

ಮಣ್ಣಿನ ವರದಿಯಲ್ಲಿ ಮೊದಲು ನೋಡಬೇಕಾದ್ದು ಪಿಎಚ್, ಅಂದರೆ ಮಣ್ಣು ಹುಳಿಯೋ ಕ್ಷಾರವೋ ಎಂಬುದರ ಅಳತೆ. ರಂಜಕ ಚೆನ್ನಾಗಿ ಸಿಗುವುದು ಪಿಎಚ್ 6ರಿಂದ 7.5ರ ನಡುವೆ. ಕಳೆನಾಶಕಕ್ಕೂ ಇದೇ ಸಂಖ್ಯೆ ಬೇಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೆಟ್‌ಸಲ್ಫ್ಯುರಾನ್, ಸಲ್ಫೋಸಲ್ಫ್ಯುರಾನ್ ಮೊದಲಾದ ಸಲ್ಫೋನಿಲ್‌ಯೂರಿಯಾ ಗುಂಪಿನ ಕಳೆ ಔಷಧಿಗಳು ಕ್ಷಾರ ಮಣ್ಣಿನಲ್ಲಿ ನಿಧಾನವಾಗಿ ಒಡೆದು ನಾಶವಾಗುತ್ತವೆ. ಅವುಗಳ ಶೇಷ ಉಳಿದು ಮುಂದಿನ ಬೆಳೆಗೆ ತೊಂದರೆ ಕೊಡಬಹುದು. ಗೋಧಿಯ ನಂತರ ಮೆಕ್ಕೆಜೋಳ ಅಥವಾ ಜೋಳ ಹಾಕುವ ಯೋಚನೆಯಿದ್ದರೆ ಸಲ್ಫೋಸಲ್ಫ್ಯುರಾನ್ ಬಳಸದಿರುವುದೇ ಒಳ್ಳೆಯದು.

ಲಭ್ಯ ರಂಜಕವನ್ನು ಅಳೆಯಲು ತಟಸ್ಥ ಮತ್ತು ಕ್ಷಾರ ಮಣ್ಣಿಗೆ ಓಲ್ಸನ್ ವಿಧಾನ, ಹುಳಿ ಮಣ್ಣಿಗೆ ಬ್ರೇ ವಿಧಾನ ಸರಿ. ಯಾವ ವಿಧಾನದಲ್ಲಿ ಮಾಡಿದ್ದಾರೆ ಎಂದು ಪ್ರಯೋಗಾಲಯದಲ್ಲಿ ಕೇಳಿಕೊಳ್ಳಿ, ಎರಡರ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು. ಓಲ್ಸನ್ ವಿಧಾನದಲ್ಲಿ ಹೆಕ್ಟೇರಿಗೆ 10 ಕಿಲೋಗಿಂತ ಕಡಿಮೆ ರಂಜಕ ಬಂದರೆ ಕೊರತೆ, 10ರಿಂದ 25 ಮಧ್ಯಮ, 25 ದಾಟಿದರೆ ಹೆಚ್ಚು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇಲ್ಲೊಂದು ಬಲೆಯಿದೆ. ಕೆಲವು ವರದಿಗಳು ಬರಿಯ ರಂಜಕವನ್ನು ಬರೆದರೆ, ಕೆಲವು ರಂಜಕದ ಪೆಂಟಾಕ್ಸೈಡನ್ನು (P2O5, ರಂಜಕ ಆಮ್ಲಜನಕದೊಡನೆ ಸೇರಿದ ರೂಪ) ಬರೆಯುತ್ತವೆ. ಗೊಬ್ಬರದ ಚೀಲದ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಎರಡನೆಯದು. ಮೊದಲನೆಯದನ್ನು 2.29ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. ಇದನ್ನು ಬೆರೆಸಿಕೊಂಡರೆ ಲೆಕ್ಕ ಎರಡು ಪಟ್ಟಿಗೂ ಮೀರಿ ತಪ್ಪುತ್ತದೆ.

ಇದೇ ಸಮಯದಲ್ಲಿ ಹೊಲದ ಕಳೆಯನ್ನೂ ಬರೆದಿಟ್ಟುಕೊಳ್ಳಿ. ಹೋದ ವರ್ಷ ಯಾವ ಮೂಲೆಯಲ್ಲಿ ಯಾವ ಕಳೆ ಇತ್ತು, ಯಾವ ಔಷಧಿ ಹೊಡೆದಿರಿ, ಯಾವುದು ಸಾಯದೆ ಉಳಿಯಿತು ಎಂಬುದು ಒಂದು ಹಾಳೆಯಲ್ಲಿದ್ದರೆ ಸಾಕು. ಮುಂದೆ ಹಂತ 5ರಲ್ಲಿ ಇದು ಕೈಗೆ ಬರಬೇಕು.

ಹಂತ 2: ಬಿತ್ತುವ ಮೊದಲೇ ಒಂದು ಫಸಲು ಕಳೆ ತೆಗೆಯುವುದು

ನೀರಿನ ಅನುಕೂಲವಿದ್ದರೆ ಬಿತ್ತನೆಗೆ ಮೊದಲು ಒಮ್ಮೆ ನೀರು ಹಾಯಿಸಿ, ಮೇಲ್ಪದರದ ಕಳೆಬೀಜ ಮೊಳೆಯಲು ಬಿಡಿ. ಅವು ಎರಡು ಎಲೆ ಬಿಟ್ಟಾಗ ಹಗುರವಾಗಿ ಕುಂಟೆ ಹೊಡೆದು ಕಿತ್ತುಹಾಕಿ. ಈ ಬಾರಿ ಆಳ ಉಳುಮೆ ಬೇಡ. ಉತ್ತರೆ ಕೆಳಗಿನ ಬೀಜವೆಲ್ಲ ಮೇಲೆ ಬಂದು, ಮಾಡಿದ ಕೆಲಸ ಮತ್ತೆ ಮೊದಲಿಗೆ ಬರುತ್ತದೆ. ಉಳುಮೆಯಿಲ್ಲದೆ ನೇರವಾಗಿ ಕೂರಿಗೆ ಹಾಕುವ ಪದ್ಧತಿಯಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲುಕಳೆ ಕಡಿಮೆ ಹುಟ್ಟುವುದೂ ಇದೇ ಕಾರಣಕ್ಕೆ. ಹಿಂದಿನ ಬೆಳೆಯ ಹುಲ್ಲನ್ನು ಮೇಲೆ ಹೊದಿಕೆಯಾಗಿ ಬಿಟ್ಟರೆ ಇನ್ನಷ್ಟು ತಗ್ಗುತ್ತದೆ.

ಬಿತ್ತನೆ ಬೀಜ ಸ್ವಂತದ್ದಾದರೆ ಜರಡಿ ಹಿಡಿಯದೆ ಬಿತ್ತಬೇಡಿ. ಕಾಡು ಓಟ್ಸ್ ಎಂಬ ಹುಲ್ಲುಕಳೆ ಹೊಸ ಹೊಲಕ್ಕೆ ಬರುವ ದಾರಿಗಳಲ್ಲಿ ಬೀಜದ ಚೀಲ ಮುಖ್ಯವಾದದ್ದು. ಕೊಟ್ಟಿಗೆ ಗೊಬ್ಬರವೂ ಹಾಗೆಯೇ. ಪೂರ್ತಿ ಕಳಿಯದ ತಿಪ್ಪೆಯಲ್ಲಿ ಕಳೆಬೀಜ ಜೀವಂತವಾಗಿರುತ್ತದೆ. ಗೊಬ್ಬರ ಚೆನ್ನಾಗಿ ಬಿಸಿಯೇರಿ ಕಳಿತಿದ್ದರೆ ಹೆಕ್ಟೇರಿಗೆ 10 ಟನ್‌ನಷ್ಟು ಹಾಕಿ. ಅದರಲ್ಲಿರುವ ರಂಜಕಕ್ಕಿಂತ, ಅದರ ಸಾವಯವ ಆಮ್ಲಗಳು ಮಣ್ಣು ಹಿಡಿದಿಟ್ಟ ರಂಜಕವನ್ನು ಬಿಡಿಸುವುದೇ ದೊಡ್ಡ ಪ್ರಯೋಜನ.

ಹಂತ 3: ರಂಜಕ ಎಷ್ಟು, ಯಾವುದು, ಎಲ್ಲಿ

ಎಷ್ಟು ಎಂಬುದು ಸುಲಭದ ಪ್ರಶ್ನೆ. ಒಂದು ಟನ್ ಗೋಧಿ ಕಾಳು ಹೊಲದಿಂದ ಸುಮಾರು 7ರಿಂದ 8 ಕಿಲೋ ರಂಜಕದ ಪೆಂಟಾಕ್ಸೈಡನ್ನು ಹೊತ್ತೊಯ್ಯುತ್ತದೆ. ಹೆಕ್ಟೇರಿಗೆ 4 ಟನ್ ಬೆಳೆದರೆ ಕಾಳಿನಲ್ಲೇ 30 ಕಿಲೋ ಹೋಯಿತು. ಮಣ್ಣು ಹಿಡಿದಿಡುವ ಪಾಲನ್ನೂ ಸೇರಿಸಿ ನೀರಾವರಿ ಗೋಧಿಗೆ ಹೆಕ್ಟೇರಿಗೆ 60 ಕಿಲೋ ಪೆಂಟಾಕ್ಸೈಡ್ ಶಿಫಾರಸು ಸಾಮಾನ್ಯ. ವರದಿಯಲ್ಲಿ ಕೊರತೆ ಬಂದರೆ ಕಾಲು ಭಾಗ ಏರಿಸಿ, ಹೆಚ್ಚು ಬಂದರೆ ಕಾಲು ಭಾಗ ಇಳಿಸಿ.

60 ಕಿಲೋಗೆ ಡಿಎಪಿ ಆದರೆ ಹೆಕ್ಟೇರಿಗೆ 130 ಕಿಲೋ, ಅಂದರೆ ಎಕರೆಗೆ 52 ಕಿಲೋ. ಸಿಂಗಲ್ ಸೂಪರ್ ಫಾಸ್ಫೇಟ್ ಆದರೆ ಹೆಕ್ಟೇರಿಗೆ 375 ಕಿಲೋ, ಎಕರೆಗೆ 150 ಕಿಲೋ. ಡಿಎಪಿಯೊಂದಿಗೆ ಹೆಕ್ಟೇರಿಗೆ 23 ಕಿಲೋದಷ್ಟು ಸಾರಜನಕವೂ ಬರುತ್ತದೆ, ಅದನ್ನು ಯೂರಿಯಾದ ಲೆಕ್ಕದಿಂದ ಕಳೆಯಿರಿ. ಸೂಪರ್‌ನಲ್ಲಿ ಗಂಧಕ ಶೇ. 11ರಷ್ಟಿದೆ. ಮಣ್ಣಿನಲ್ಲಿ ಗಂಧಕ ಕಡಿಮೆಯಿದ್ದರೆ ಚೀಲ ಹೊರುವ ಶ್ರಮ ಹೆಚ್ಚಾದರೂ ನಾನು ಸೂಪರ್ ಕಡೆಗೇ. ಶಿಲಾ ರಂಜಕವನ್ನು ಹುಳಿ ಮಣ್ಣಿನವರು ಯೋಚಿಸಬಹುದು. ಸುಣ್ಣದ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ.

ಎಲ್ಲಿ ಹಾಕಬೇಕು ಎಂಬುದರಲ್ಲೇ ಇಡೀ ಗುಟ್ಟಿರುವುದು. ಫಲಾರಿಸ್, ಚಕ್ರವರ್ತಿ ಸೊಪ್ಪಿನಂಥ ಸಣ್ಣ ಬೀಜದ ಕಳೆಗಳು ಮೊಳೆಯುವುದು ಮಣ್ಣಿನ ಮೇಲಿನ ಕೆಲವೇ ಸೆಂಟಿಮೀಟರ್‌ನಲ್ಲಿ. ರಂಜಕವನ್ನು ಎರಚಿದರೆ ಅದು ಉಳಿಯುವುದೂ ಅಲ್ಲೇ, ಸಾಲುಗಳ ನಡುವೆ, ಕಳೆಯ ಬೇರಿನ ಬಾಯಿಗೇ. ಅನೇಕ ಕಳೆಗಳು ರಂಜಕ ಸಿಕ್ಕರೆ ಗೋಧಿಗಿಂತ ಜೋರಾಗಿ ಚಿಗುರುತ್ತವೆ. ಹೀಗೆ ಎರಚಿದ ಡಿಎಪಿ ಎಷ್ಟೋ ಹೊಲಗಳಲ್ಲಿ ಕಳೆಗೆ ಕೊಟ್ಟ ಗೊಬ್ಬರವೇ ಆಗುತ್ತದೆ. ಅದರ ಬದಲು ಬೀಜದ ಮಟ್ಟಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಅಥವಾ ಪಕ್ಕದಲ್ಲಿ ಪಟ್ಟಿಯಾಗಿ ಬೀಳುವಂತೆ ಗೊಬ್ಬರ ಕೂರಿಗೆಯನ್ನು ಹೊಂದಿಸಿ. ಗೋಧಿಯ ಬೀಜಬೇರು ಮೊದಲ ವಾರದಲ್ಲೇ ಅದನ್ನು ಮುಟ್ಟುತ್ತದೆ, ಸಾಲಿನ ನಡುವಿನ ಕಳೆ ಅಲ್ಲಿಗೆ ಬರುವಷ್ಟರಲ್ಲಿ ಗೋಧಿ ಮುಂದೆ ಹೋಗಿರುತ್ತದೆ. ಪಟ್ಟಿಯಾಗಿ ಹಾಕಿದಾಗ ಗೊಬ್ಬರದ ಹರಳು ಮಣ್ಣಿನ ಕಣಗಳಿಗೆ ತಾಗುವ ಮೇಲ್ಮೈ ಕಡಿಮೆಯಾದ್ದರಿಂದ ಮಣ್ಣು ಹಿಡಿದಿಡುವುದೂ ಕಡಿಮೆ.

ಕಾಡು ಓಟ್ಸ್‌ಗೆ ಮಾತ್ರ ಈ ಉಪಾಯ ಅಷ್ಟಾಗಿ ನಡೆಯದು. ಅದರ ದಪ್ಪ ಬೀಜ 10 ಸೆಂಟಿಮೀಟರ್‌ಗಿಂತ ಆಳದಿಂದಲೂ ಎದ್ದು ಬರುತ್ತದೆ, ಬೇರೂ ಅಷ್ಟೇ ಆಳಕ್ಕಿಳಿಯುತ್ತದೆ. ಅಲ್ಲಿ ಔಷಧಿಯನ್ನೂ ಬೆಳೆ ಬದಲಾವಣೆಯನ್ನೂ ನಂಬಬೇಕು.

ಯೂರಿಯಾವನ್ನು ಬೀಜಕ್ಕೆ ತಾಗಿಸಬೇಡಿ. ಒಣ ಮರಳು ಮಣ್ಣಿನಲ್ಲಿ ಡಿಎಪಿಯೂ ಬೀಜದ ಮೈಗೆ ತಾಗಿದರೆ ಅಮೋನಿಯಾದಿಂದ ಮೊಳಕೆ ಸುಡಬಹುದು. ಗೊಬ್ಬರ ಕೂರಿಗೆ ಇಲ್ಲವೇ ಇಲ್ಲ ಎನ್ನುವವರು ಕೊನೆಯ ಉಳುಮೆಗೆ ಮೊದಲು ಗೊಬ್ಬರ ಹರಡಿ ಮಣ್ಣಿನೊಳಗೆ ಸೇರಿಸಲಿ. ಬಿತ್ತಿದ ಮೇಲೆ ಎರಚುವುದು ಎಲ್ಲಕ್ಕಿಂತ ಕೆಟ್ಟದ್ದು.

ಸತುವಿನ ವಿಷಯವೂ ಇಲ್ಲೇ ಬರುತ್ತದೆ. ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗುವುದು ಕಡಿಮೆಯಾಗುತ್ತದೆ. ಸತು ಕೊರತೆಯ ಮಣ್ಣಾದರೆ ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟನ್ನು ಬೇರೆಯಾಗಿ ಹಾಕಿ, ಡಿಎಪಿಯ ಜೊತೆ ಕಲಸಬೇಡಿ. ಎರಡೂ ಸೇರಿ ಕರಗದ ಸತು ಫಾಸ್ಫೇಟ್ ಆಗುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಬೀಜೋಪಚಾರ ಕಡಿಮೆ ಖರ್ಚಿನದು, ಮಾಡಿದರೆ ನಷ್ಟವಿಲ್ಲ. ಆದರೆ ಅದನ್ನು ನಂಬಿ ಗೊಬ್ಬರ ಅರ್ಧ ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಹಂತ 4: ಸಾಲು ಹತ್ತಿರ, ಬಿತ್ತನೆ ಸಕಾಲಕ್ಕೆ

ಸಕಾಲದ ಬಿತ್ತನೆಗೆ ಎಕರೆಗೆ 40 ಕಿಲೋ ಬೀಜ, 20ರಿಂದ 22.5 ಸೆಂಟಿಮೀಟರ್ ಸಾಲು, 5 ಸೆಂಟಿಮೀಟರ್ ಆಳ. ತಡವಾದರೆ ಬೀಜವನ್ನು 50 ಕಿಲೋಗೆ ಏರಿಸಿ, ಸಾಲಿನ ಅಂತರವನ್ನು 15-18 ಸೆಂಟಿಮೀಟರ್‌ಗೆ ಇಳಿಸಿ. ಸಾಲು ಹತ್ತಿರವಾದಷ್ಟೂ ಎಲೆಗಳು ಬೇಗ ಕೂಡಿಕೊಂಡು ಕಳೆಗೆ ಬಿಸಿಲು ತಪ್ಪುತ್ತದೆ. ಕುಳ್ಳ ತಳಿಗಳನ್ನು ಆಳಕ್ಕೆ ಬಿತ್ತಿದರೆ ಮೊಳಕೆ ಮೇಲೆ ಬರಲು ತಿಣುಕುತ್ತದೆ, ಅಷ್ಟರಲ್ಲಿ ಕಳೆ ಮುಂದಾಗುತ್ತದೆ. ಫಲಾರಿಸ್ ಕಾಟವಿರುವ ಹೊಲದಲ್ಲಿ ಬಿತ್ತನೆಯ ಕಾಲಾವಧಿಯ ಮೊದಲ ಭಾಗದಲ್ಲೇ ಬಿತ್ತುವುದು ಒಳ್ಳೆಯದು. ಆ ಕಳೆಗೆ ಮೊಳೆಯಲು ತಂಪು ಬೇಕು, ತಂಪು ಏರುವ ಮೊದಲೇ ಗೋಧಿ ನೆಲ ಹಿಡಿದಿರುತ್ತದೆ.

ಹಿಂದೆ ಕಳೆ ವಿಪರೀತವಾಗಿದ್ದ ಹೊಲಕ್ಕೆ ಬಿತ್ತಿದ 3 ದಿನದೊಳಗೆ ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಹೊಡೆಯಬಹುದು. ಶೇ. 30ರ ದ್ರಾವಣವಾದರೆ ಎಕರೆಗೆ ಸುಮಾರು 1.3 ಲೀಟರ್, ನೀರು 200 ಲೀಟರ್. ಮಣ್ಣಿನ ಮೇಲ್ಭಾಗ ಹದವಾಗಿರಬೇಕು, ಹೆಂಟೆ ಇರಬಾರದು. ಒಣ ಮಣ್ಣಿಗೆ ಹೊಡೆದರೆ ಔಷಧಿ ದಂಡ.

ಹಂತ 5: 20ರಿಂದ 35ನೇ ದಿನ

ಸುಮಾರು 21ನೇ ದಿನ ಗೋಧಿಗೆ ಕಿರೀಟ ಬೇರು ಬರುತ್ತದೆ. ತೆಂಡೆ (ಬುಡದಿಂದ ಬರುವ ಮರಿಕಾಂಡ) ಒಡೆಯುವುದು, ರಂಜಕವನ್ನು ಜೋರಾಗಿ ಹೀರುವುದು ಎರಡೂ ಇಲ್ಲಿಂದ ಶುರು. ಮೊದಲ ನೀರು ತಪ್ಪಬಾರದ ಹೊತ್ತೂ ಇದೇ. ನೀರು ಕೊಟ್ಟು, ಕಾಲಿಟ್ಟರೆ ಹೂಳದಷ್ಟು ನೆಲ ಆರಿದ ಮೇಲೆ ಕಳೆಯ ಕೆಲಸಕ್ಕಿಳಿಯಿರಿ. ಸಾಲು ಅಗಲವಿದ್ದು ಆಳು ಸಿಗುವಂತಿದ್ದರೆ ಎಡೆಕುಂಟೆ ಅಥವಾ ಕೈಗಳೆಯಷ್ಟು ಒಳ್ಳೆಯದು ಬೇರೊಂದಿಲ್ಲ.

ಮೊದಲು ಕಳೆಯ ಗುರುತು ಹಿಡಿಯಬೇಕು. ಗೋಧಿಯ ಎಲೆ ಕಾಂಡವನ್ನು ಸುತ್ತುವ ಜಾಗದಲ್ಲಿ ಎರಡು ಸಣ್ಣ ಕಿವಿಗಳಿರುತ್ತವೆ. ಫಲಾರಿಸ್‌ಗೂ ಕಾಡು ಓಟ್ಸ್‌ಗೂ ಅವಿಲ್ಲ. ಫಲಾರಿಸ್‌ನ ಬುಡ ಕೆಂಪಗಿರುತ್ತದೆ, ಚಿವುಟಿದರೆ ಕೆಂಪು ರಸ ಬರುತ್ತದೆ. ಮೇಲಿನಿಂದ ನೋಡಿದರೆ ಕಾಡು ಓಟ್ಸ್‌ನ ಎಲೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಚಿಕೊಂಡಿರುತ್ತದೆ, ಗೋಧಿಯದು ಮುಳ್ಳು ತಿರುಗುವ ದಿಕ್ಕಿಗೆ. ತೆನೆ ಬಂದ ಮೇಲೆ ಯಾರಾದರೂ ಗುರುತು ಹಿಡಿದಾರು, ಆದರೆ ಆಗ ಹೊಡೆದು ಪ್ರಯೋಜನವಿಲ್ಲ.

ಅಗಲ ಎಲೆಯ ಕಳೆ ಮಾತ್ರ ಇದ್ದರೆ ಮೆಟ್‌ಸಲ್ಫ್ಯುರಾನ್ ಶೇ. 20ರ ಪುಡಿ ಎಕರೆಗೆ 8 ಗ್ರಾಂ, ಇಲ್ಲವೇ 2,4-ಡಿ ಸೋಡಿಯಂ ಲವಣ ಶೇ. 80ರದು ಎಕರೆಗೆ 250 ಗ್ರಾಂ. 2,4-ಡಿಗೆ ಕಾಲದ ಕಟ್ಟುನಿಟ್ಟು ಹೆಚ್ಚು. ತೆಂಡೆ ಒಡೆದ ನಂತರ, ಕಾಂಡದಲ್ಲಿ ಗೆಣ್ಣು ಕಾಣಿಸುವ ಮೊದಲು, ಸುಮಾರು 30ರಿಂದ 35ನೇ ದಿನಕ್ಕೆ ಹೊಡೆಯಬೇಕು. ಬೇಗ ಹೊಡೆದರೆ ಎಲೆ ಈರುಳ್ಳಿ ಎಲೆಯಂತೆ ಸುರುಳಿಯಾಗಿ ತೆನೆ ಸೊಟ್ಟಗಾಗುತ್ತದೆ, ತಡವಾದರೂ ತೆನೆ ಕೆಡುತ್ತದೆ. ಪಕ್ಕದಲ್ಲಿ ಹತ್ತಿ, ದ್ರಾಕ್ಷಿ, ಟೊಮೆಟೊ, ಸೂರ್ಯಕಾಂತಿ ಅಥವಾ ಬೇಳೆಕಾಳು ಇದ್ದರೆ ಗಾಳಿಯಲ್ಲಿ ತೇಲಿ ಹೋಗುವ ಹನಿಯೇ ಸಾಕು ಅವುಗಳನ್ನು ಹಾಳು ಮಾಡಲು. ಗೋಧಿಯ ನಡುವೆ ಸಾಸಿವೆ ಅಥವಾ ಕಡಲೆ ಅಂತರ ಬೆಳೆಯಿದ್ದರೆ ಈ ಎರಡೂ ಔಷಧಿಗಳ ಸುದ್ದಿಗೇ ಹೋಗಬೇಡಿ.

ಹುಲ್ಲುಕಳೆಗೆ ಕ್ಲೋಡಿನಾಫಾಪ್ ಶೇ. 15ರ ಪುಡಿ ಎಕರೆಗೆ 160 ಗ್ರಾಂ. ಎರಡೂ ಬಗೆಯ ಕಳೆಯಿದ್ದರೆ ಸಲ್ಫೋಸಲ್ಫ್ಯುರಾನ್ ಶೇ. 75ರದು ಎಕರೆಗೆ 13.3 ಗ್ರಾಂ, ಅದರ ಜೊತೆ ಕೊಡುವ ಅಂಟು ದ್ರಾವಣ ಬೆರೆಸಿ. ಜವೆಗೋಧಿಗೆ (ಬಾರ್ಲಿ) ಮಾತ್ರ ಇದು ಆಗದು. ಕ್ಲೋಡಿನಾಫಾಪ್ ಮತ್ತು 2,4-ಡಿಯನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಿದರೆ ಹುಲ್ಲು ಸಾಯುವುದು ಕಡಿಮೆಯಾಗುತ್ತದೆ. ಮೊದಲು ಹುಲ್ಲಿನದು ಹೊಡೆದು ವಾರದ ನಂತರ ಇನ್ನೊಂದು ಹೊಡೆಯಿರಿ. ಇಲ್ಲಿ ಕೊಟ್ಟ ಪ್ರಮಾಣಗಳು ಸಾಮಾನ್ಯ ಬಳಕೆಯವು. ನಿಮ್ಮಲ್ಲಿ ಯಾವುದಕ್ಕೆ ಅನುಮತಿಯಿದೆ, ಎಷ್ಟಕ್ಕೆ ಅನುಮತಿಯಿದೆ ಎಂಬುದಕ್ಕೆ ಡಬ್ಬಿಯ ಮೇಲಿನ ಚೀಟಿಯೇ ಅಂತಿಮ.

ಈಗ ಎಲ್ಲರೂ ಅವಸರ ಮಾಡುವ ಕೆಲಸ: ಅಳತೆ. ಹೊಲದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ ಗುರುತು ಮಾಡಿ. ಪಂಪಿಗೆ ಬರಿಯ ನೀರು ತುಂಬಿ, ದಿನವೂ ನಡೆಯುವ ವೇಗದಲ್ಲೇ ನಡೆದು ಆ ಚೌಕಕ್ಕೆ ಸಿಂಪಡಿಸಿ. ಎಷ್ಟು ನೀರು ಖರ್ಚಾಯಿತು ನೋಡಿ 40ರಿಂದ ಗುಣಿಸಿ, ಅದು ಎಕರೆಯ ಲೆಕ್ಕ. ಚೌಕಕ್ಕೆ 4 ಲೀಟರ್ ಹೋದರೆ ಎಕರೆಗೆ 160 ಲೀಟರ್, 16 ಲೀಟರ್ ಪಂಪಿಗೆ 10 ಟ್ಯಾಂಕು. ಕ್ಲೋಡಿನಾಫಾಪ್ 160 ಗ್ರಾಂ ಅಂದರೆ ಟ್ಯಾಂಕಿಗೆ 16 ಗ್ರಾಂ. ಮೆಟ್‌ಸಲ್ಫ್ಯುರಾನ್ 8 ಗ್ರಾಂ ಅಂದರೆ ಟ್ಯಾಂಕಿಗೆ 0.8 ಗ್ರಾಂ, ಅದನ್ನು ಹೊಲದ ಬದುವಿನಲ್ಲಿ ಯಾರೂ ತೂಗಲಾರರು. ಆ 8 ಗ್ರಾಂ ಪೂರ್ತಿ 1 ಲೀಟರ್ ನೀರಿನಲ್ಲಿ ಕರಗಿಸಿ, ಪ್ರತಿ ಟ್ಯಾಂಕಿಗೆ ಅದನ್ನು ಅಲುಗಿಸಿ 100 ಮಿಲಿಲೀಟರ್ ಹಾಕಿ. ಬಾಟಲಿ ಮುಚ್ಚಳದ ಅಂದಾಜು ಇಂಥ ಔಷಧಿಗೆ ನಡೆಯುವುದಿಲ್ಲ.

ನಳಿಕೆಗೆ ಚಪ್ಪಟೆ ಬೀಸಣಿಗೆಯಂತೆ ಚೆಲ್ಲುವ ಫ್ಲಾಟ್ ಫ್ಯಾನ್ ನಾಜಲ್ ಇರಲಿ, ಕೀಟನಾಶಕದ ಗುಂಡು ಮಂಜಿನ ನಾಜಲ್ ಬೇಡ. ಇಬ್ಬನಿ ಆರಿದ ಮೇಲೆ, ಗಾಳಿಯಿಲ್ಲದಾಗ, ತಿಳಿನೀರಿನಲ್ಲಿ ಹೊಡೆಯಿರಿ. ನಳಿಕೆಯನ್ನು ಅತ್ತಿತ್ತ ಬೀಸಬೇಡಿ, ಒಂದೇ ಎತ್ತರದಲ್ಲಿ ಹಿಡಿದು ನೇರ ನಡೆಯಿರಿ. ಕೈಗವಸು, ಮುಖಗವಸು, ಪೂರ್ತಿ ತೋಳಿನ ಅಂಗಿ ಇರಲಿ. 2,4-ಡಿ ಬಳಸಿದ ಪಂಪನ್ನು ಬೇರೆ ಬೆಳೆಗೆ ಒಯ್ಯುವ ಮೊದಲು ಹಲವು ಸಲ ತೊಳೆಯಿರಿ, ಸಾಧ್ಯವಿದ್ದರೆ ಅದಕ್ಕೊಂದು ಪ್ರತ್ಯೇಕ ಪಂಪೇ ಇರಲಿ.

ಔಷಧಿ ಹೊಡೆದರೂ ಸಾಯದ ಕಳೆ

1990ರ ದಶಕದ ಆರಂಭದಲ್ಲಿ ಹರಿಯಾಣದ ಭತ್ತ-ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಐಸೋಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಸಾಯದಂತಾಯಿತು. ವರ್ಷ ವರ್ಷವೂ ಅದೇ ಔಷಧಿ ಹೊಡೆದಿದ್ದೇ ಕಾರಣ. ಅದರ ಬದಲಿಗೆ ಬಂದ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್‌ಗಳಿಗೂ ನಂತರ ಇದೇ ಗತಿಯಾಯಿತು. ಆಸ್ಟ್ರೇಲಿಯಾದಲ್ಲಿ ರೈಗ್ರಾಸ್, ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ಗ್ರಾಸ್ ಎಂಬ ಹುಲ್ಲುಕಳೆಗಳೂ ಇದೇ ದಾರಿ ಹಿಡಿದಿವೆ. ಬದಲಿಸಬೇಕಾದ್ದು ಕಂಪನಿಯ ಹೆಸರನ್ನಲ್ಲ, ಔಷಧಿ ಕೆಲಸ ಮಾಡುವ ಗುಂಪನ್ನು. ಕ್ಲೋಡಿನಾಫಾಪ್, ಫೆನಾಕ್ಸಾಪ್ರಾಪ್, ಪಿನಾಕ್ಸಾಡೆನ್ ಮೂರೂ ಒಂದೇ ಗುಂಪು. ಸಲ್ಫೋಸಲ್ಫ್ಯುರಾನ್, ಮೆಟ್‌ಸಲ್ಫ್ಯುರಾನ್ ಇನ್ನೊಂದು. ಪೆಂಡಿಮೆಥಾಲಿನ್ ಬೇರೆಯೇ. ಹಂತ 1ರಲ್ಲಿ ಬರೆದಿಟ್ಟ ಹಾಳೆ ಈಗ ತೆಗೆದು ನೋಡಿ. ಎರಡು ವರ್ಷ ಸತತ ಒಂದೇ ಗುಂಪು ಕಂಡರೆ ಈ ವರ್ಷ ಬೇರೆಗೆ ಹೋಗಿ. ಹೊಡೆದ ಮೇಲೂ ಅಲ್ಲಲ್ಲಿ ಉಳಿದ ಗಿಡಗಳನ್ನು ಬೀಜ ಉದುರುವ ಮೊದಲು ಕೈಯಿಂದ ಕಿತ್ತುಬಿಡಿ. ನಾಳೆಯ ನಿರೋಧಕ ಕಳೆಗೆ ಆ ಗಿಡಗಳೇ ತಾಯಿ.

ಹಂತ 6: ಬೆಳೆಯಲ್ಲಿ ಕೊರತೆ ಕಂಡರೆ

ರಂಜಕ ಕಡಿಮೆಯಾದ ಗೋಧಿ ಹಳದಿಯಾಗುವುದಿಲ್ಲ. ಬಣ್ಣ ಕಡು ಹಸಿರಾಗಿ ಮಂಕಾಗುತ್ತದೆ, ಹಳೆಯ ಎಲೆಗಳಲ್ಲಿ ನೇರಳೆ ಛಾಯೆ ಬರಬಹುದು, ತೆಂಡೆ ಕಡಿಮೆ ಒಡೆಯುತ್ತದೆ, ಬೆಳೆ ತಡವಾಗಿ ಮಾಗುತ್ತದೆ. ಚಳಿ ಹೆಚ್ಚಿದಾಗಲೂ ನೇರಳೆ ಕಾಣುವುದುಂಟು, ಬಿಸಿಲೇರಿದ ಮೇಲೆ ಅದು ತಾನೇ ಹೋಗುತ್ತದೆ. ಸಿಂಪಡಣೆಯಾದ ವಾರದೊಳಗೆ ಹಳದಿಯಾಗಿ ಕುಗ್ಗಿದರೆ ಅದು ಔಷಧಿಯ ಪೆಟ್ಟು ಇರಬಹುದು, ಗೊಬ್ಬರದ ಕೊರತೆ ಎಂದು ಓಡಬೇಡಿ.

ಈ ಹೊತ್ತಿನಲ್ಲಿ ಎಲೆಗೆ ಶೇ. 2ರ ಡಿಎಪಿ ಹೊಡೆಯಲು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಎಕರೆಗೆ 200 ಲೀಟರ್ ನೀರಿಗೆ 4 ಕಿಲೋ ಡಿಎಪಿ, ಅದರಲ್ಲಿ ಪೆಂಟಾಕ್ಸೈಡ್ 1.84 ಕಿಲೋ. ಬಿತ್ತುವಾಗ ಬೇಕಿದ್ದದ್ದು 24 ಕಿಲೋ. ಸ್ವಲ್ಪ ಚೇತರಿಕೆ ಸಿಕ್ಕೀತು, ಹೋದ ತೆಂಡೆ ಮಾತ್ರ ಮರಳಿ ಬಾರದು. ಅದಕ್ಕಿಂತ ಮುಂದಿನ ವರ್ಷ ಒಂದೆರಡು ಸಾಲಿಗೆ ರಂಜಕ ಹಾಕದೆ ಬಿಟ್ಟು ಗೂಟ ನೆಡಿ. ಪಕ್ಕದ ಸಾಲಿಗೂ ಅದಕ್ಕೂ ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ಮಣ್ಣಿನಲ್ಲಿ ಹಳೆಯ ಗೊಬ್ಬರದ ಉಳಿಕೆ ಸಾಕಷ್ಟಿದೆ ಎಂದರ್ಥ.

ಹಂತ 7: ಕೊಯ್ಲು ಮತ್ತು ಮುಂದಿನ ಲೆಕ್ಕ

ಫಲಾರಿಸ್ ಗೋಧಿಗಿಂತ ಮೊದಲೇ ಬೀಜ ಉದುರಿಸುತ್ತದೆ. ಹಾಗಾಗಿ ಕೊಯ್ಲಿಗೆ ಕಾಯದೆ ತೆನೆ ಬಂದ ಕೂಡಲೇ ಬದುವಿನಿಂದ ಒಳಗೆ ಒಮ್ಮೆ ಸುತ್ತು ಹಾಕಿ. ಕೊಯ್ಲಿನ ಯಂತ್ರ ಬೇರೆಯವರ ಹೊಲದಿಂದ ಬಂದದ್ದಾದರೆ ಒಳಗೆ ಬಿಡುವ ಮೊದಲು ಊದಿ ಸ್ವಚ್ಛ ಮಾಡಿಸಿ. ಕಳೆ ಹತೋಟಿ ಮೀರಿದ ಹೊಲದಲ್ಲಿ ಎರಡು ವರ್ಷ ಗೋಧಿ ನಿಲ್ಲಿಸಿ ಮೇವಿನ ಬೆಳೆ ಅಥವಾ ಕಬ್ಬು ಹಾಕುವುದು ಯಾವ ಔಷಧಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಮೇವನ್ನು ಪದೇ ಪದೇ ಕೊಯ್ಯುವಾಗ ಕಳೆಗೆ ಬೀಜ ಕಟ್ಟಲು ಬಿಡುವೇ ಸಿಗದು.

ಮುಂದಿನ ಸಲ ಮಣ್ಣಿನ ಮಾದರಿ ತೆಗೆಯುವಾಗ ಒಂದು ಎಚ್ಚರ. ಪಟ್ಟಿಯಾಗಿ ಗೊಬ್ಬರ ಹಾಕಿದ ಹೊಲದಲ್ಲಿ ಹಳೆಯ ಸಾಲಿನ ಮೇಲೆಯೇ ಗುಂಡಿ ತೋಡಿದರೆ ರಂಜಕ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಸಾಲಿನ ನಡುವೆ ಮಾತ್ರ ತೋಡಿದರೆ ಕಡಿಮೆ ಕಾಣುತ್ತದೆ. ಸಾಲಿಗೆ ಅಡ್ಡಲಾಗಿ ನಡೆಯುತ್ತ ಸಾಲಿನ ಮೇಲಿನದೂ ನಡುವಿನದೂ ಸೇರುವಂತೆ ಎಕರೆಗೆ 15ರಿಂದ 20 ಜಾಗದಲ್ಲಿ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು, ಕಲಸಿ, ಅದರಲ್ಲಿ ಅರ್ಧ ಕಿಲೋ ಕಳಿಸಿ.